ಘಾರಾಪುರಿಯ ಸೋಮವಾರ

ಮುಂಬೈಯ ಆಸ್ಪತ್ರೆಯೊಂದರ ವರಾಂಡದಲ್ಲಿ ಕೂತು ನನ್ನ ದೊಡ್ಡಮ್ಮ ಹರಕೆ ಹೊತ್ತದ್ದು ನಮ್ಮ ಕೊಟ್ಟೂರಿನ ದೇವರಿಗಲ್ಲ, ತಾನು ಎಂದೂ ನೋಡಿರದ ಒಬ್ಬ ಶಿವನಿಗೆ. ಒಳಗೆ ಅವಳ ಮಗಳು, ನಾನು ಅಕ್ಕ ಎಂದು ಕರೆಯುವವಳು, ಹೆರಿಗೆ ನೋವಿನಲ್ಲಿದ್ದಳು. ಅದಕ್ಕೂ ಮೊದಲು ಎರಡು ಸಲ ಬಸಿರು ಇಳಿದುಹೋಗಿತ್ತು. ಪಕ್ಕದಲ್ಲಿ ಕೂತಿದ್ದ ವಿಜಾಪುರದ ಕಡೆಯ ಹೆಂಗಸೊಬ್ಬಳು, ಇಲ್ಲೇ ಸಮುದ್ರದ ನಡುವೆ ಘಾರಾಪುರಿ ಅನ್ನುವ ನಡುಗಡ್ಡೆಯಿದೆ, ಗುಡ್ಡವನ್ನೇ ಕೊರೆದು ಗುಡಿ ಮಾಡಿದ್ದಾರೆ, ಒಳಗೆ ಶಿವ ಇದ್ದಾನೆ ಎಂದಳಂತೆ. ದೊಡ್ಡಮ್ಮ ಅಲ್ಲೇ ಸೆರಗೊಡ್ಡಿ ಬೇಡಿಕೊಂಡಳು. ಕೂಸು ಬದುಕಿದರೆ ಕಾರ್ತಿಕದ ಸೋಮವಾರ ಹನಿ ನೀರೂ ಮುಟ್ಟದೆ ಬಂದು ನಿನ್ನ ಮುಖ ನೋಡುತ್ತೇನೆ, ಬಾಯಿಗೆ ಏನಿದ್ದರೂ ಆಮೇಲೆ.

"ಕೊಟ್ಟೂರು ದೂರ ಆತಲ್ಲ. ಅಲ್ಲಿಂದ ಅಂವ ಬರೋದ್ರಾಗ ಏನರ ಹೆಚ್ಚುಕಡಿಮಿ ಆದ್ರ? ಹತ್ರ ಇದ್ದಾಂವನ್ನ ಕರೆದೆ" ಎಂದು ದೊಡ್ಡಪ್ಪನಿಗೆ ಸಮಜಾಯಿಷಿ ಕೊಟ್ಟಳು.

"ಛಲೋ ಮಾಡಿದಿ. ಊರಾನ ದೇವರಿಗೂ ವಯಸ್ಸಾಗೈತಿ, ರೈಲಿನಾಗ ನಿಂತು ಬರಬೇಕಿತ್ತು" ಎಂದ ದೊಡ್ಡಪ್ಪ. ಆತ ಹಾಗೆಯೇ. ಕೊಟ್ಟೂರಿನಲ್ಲಿ ಆತನದು ಶೇಂಗಾ ದಲ್ಲಾಲಿ ಅಂಗಡಿ. ದೇವರ ವಿಷಯದಲ್ಲಿ ಹೆಂಡತಿಯನ್ನು ಚೇಷ್ಟೆ ಮಾಡದ ದಿನ ಆತನಿಗೆ ಊಟ ರುಚಿಸುತ್ತಿರಲಿಲ್ಲ.

ಹುಟ್ಟಿದ್ದು ಹೆಣ್ಣುಕೂಸು. ಬದುಕಿತು. ಆ ವರ್ಷ ನಾನು ಧಾರವಾಡದಲ್ಲಿ ಎಂ.ಎಸ್ಸಿ ಮುಗಿಸಿ ಮನೆಯಲ್ಲಿದ್ದೆ. ತೊಂಬತ್ತರ ದಶಕದ ಕೊನೆ. ನಮ್ಮ ಕಡೆ ಎಂ.ಎಸ್ಸಿ ಮಾಡಿದ ಹುಡುಗಿಯನ್ನು ಏನು ಮಾಡಬೇಕೆಂದು ಯಾರಿಗೂ ಸರಿಯಾಗಿ ತಿಳಿಯದ ಕಾಲ. ಹಾಗಾಗಿ ಬಾಣಂತನಕ್ಕೆ ಕೈನೆರವಾಗಲೆಂದು ದೊಡ್ಡಮ್ಮ, ದೊಡ್ಡಪ್ಪನ ಜೊತೆ ನನ್ನನ್ನೂ ಮುಂಬೈಗೆ ಕಳಿಸಿದ್ದರು.

ಭಾವ, ಅಂದರೆ ಅಕ್ಕನ ಗಂಡ, ಭಾನುವಾರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಸೋಮವಾರ ಆತನಿಗೆ ಕೆಲಸ.

"ಭಾನುವಾರ ಶಿವನ್ನ ಯಾರು ನೋಡ್ತಾರಪ್ಪ? ನಾ ಹೇಳಿಕೊಂಡಿದ್ದು ಸೋಮವಾರ. ಹೋಗೋದು ಸೋಮವಾರ" ಎಂದಳು ದೊಡ್ಡಮ್ಮ.

ಭಾವ ಎಂಟು ವರ್ಷದಿಂದ ಮುಂಬೈಯಲ್ಲಿದ್ದರೂ ಆ ನಡುಗಡ್ಡೆಗೆ ಹೋಗಿರಲಿಲ್ಲ. ನಮಗೆ ಹೇಳಬೇಕಾಗಿದ್ದ ಒಂದು ಮಾತು ಆತನಿಗೂ ಗೊತ್ತಿರಲಿಲ್ಲ.

ಹೀಗೆ ಆ ಸೋಮವಾರ ಬೆಳಿಗ್ಗೆ ನಾವು ಮೂವರು ಗೇಟ್‌ವೇಯ ಎದುರು ನಿಂತಿದ್ದೆವು. ನನ್ನ ಹೆಗಲ ಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ಡಬ್ಬಿಯಿತ್ತು: ರೊಟ್ಟಿ, ಶೇಂಗಾಚಟ್ನಿ, ಬಾಣಂತಿಗೆಂದು ಬೆಲ್ಲ ಹಾಕಿ ಮಾಡಿದ ಅಂಟಿನುಂಡೆ. ದರ್ಶನ ಆದ ಮೇಲೆ ಉಣ್ಣಲಿಕ್ಕೆ. ದೊಡ್ಡಮ್ಮನ ಕೈಚೀಲದಲ್ಲಿ ತೆಂಗಿನಕಾಯಿ, ಪತ್ರಿ, ಊದುಬತ್ತಿ, ವಿಭೂತಿ. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವಳು ಆ ದೊಡ್ಡ ಕಲ್ಲಿನ ಬಾಗಿಲನ್ನು ಒಂದು ಸಲ ಕತ್ತೆತ್ತಿ ನೋಡಿದಳು, ಅದರಾಚೆಯ ನೀರನ್ನು ಬಹಳ ಹೊತ್ತು ನೋಡಿದಳು.

ದೋಣಿಯ ಚೀಟಿ ಮಾರುವವನೊಬ್ಬ ನಮ್ಮನ್ನು ಅಡ್ಡಗಟ್ಟಿದ. ದೊಡ್ಡಪ್ಪ ಘಾರಾಪುರಿ ಎಂದ. ಆತ ಕೈಯಾಡಿಸಿ, "ಆಜ್ ಬಂದ್. ಸೋಮ್ವಾರ್ ಬಂದ್" ಎಂದ. ಬೇಕಾದರೆ ಬಂದರಿನಲ್ಲಿ ಒಂದು ಸುತ್ತು ತಿರುಗಿಸಿಕೊಂಡು ಬರುತ್ತೇವೆ, ಆ ದೋಣಿ ಈಗಲೇ ಹೊರಡುತ್ತದೆ ಎಂದ.

ದೊಡ್ಡಪ್ಪನಿಗೆ ನಗು ತಡೆಯಲಾಗಲಿಲ್ಲ. "ಕೇಳಿದೇನಲೇ? ಸೋಮವಾರ ಶಿವನ ಗುಡಿ ಬಂದ್ ಅಂತ! ಜೀವಮಾನ ಎಲ್ಲ ಮಾರ್ಕೆಟ್ಟಿನಾಗ ಕೂತೀನಿ ನಾನು. ತನ್ನ ಮಾಲು ಹೋಗಬೇಕಂದ್ರ ಬಾಜೂದವನ ಅಂಗಡಿ ಬಂದ್ ಐತಿ ಅಂತಾರ. ಇಂಥ ಸುಳ್ಳಿಗೆ ಒಂದು ವಾರನರ ನೋಡಿ ಹೇಳಬೇಕಲ್ಲ, ಮಂಗ್ಯಾ."

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ದೊಡ್ಡಪ್ಪನ ಮಾತೇ ಸರಿ ಅನ್ನಿಸಿತು. ನಮ್ಮ ಊರಿನ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಕಾರ್ತಿಕ ಸೋಮವಾರ ಶಿವನ ಬಾಗಿಲಿಗೆ ಬೀಗ ಬೀಳುತ್ತದೆ ಎಂದರೆ ನಾವು ನಂಬುವ ಜನವೇ ಅಲ್ಲ.

ಮೆಟ್ಟಿಲ ಕೆಳಗೆ ಒಂದಕ್ಕೊಂದು ಅಂಟಿಕೊಂಡು ದೋಣಿಗಳು ನಿಂತಿದ್ದವು. ಎಲ್ಲಕ್ಕಿಂತ ಆಚೆಯ ಹಳೆಯ ಮರದ ಲಾಂಚಿನಲ್ಲಿ ಉಳ್ಳಾಗಡ್ಡಿ ಮೂಟೆ, ಗ್ಯಾಸ್ ಸಿಲಿಂಡರು, ತರಕಾರಿ ಬುಟ್ಟಿಗಳನ್ನು ತುಂಬುತ್ತಿದ್ದರು. ದೊಡ್ಡಪ್ಪ ಕೂಗಿ ಕೇಳಿದ. "ಹಾಂ, ಘಾರಾಪುರಿ" ಎಂದು ಅಲ್ಲಿಂದ ಉತ್ತರ ಬಂತು. ಅಷ್ಟು ಸಾಕಾಯಿತು. ಆತ ಚೀಟಿಯವನತ್ತ ತಿರುಗಿ ಒಂದು ನಮಸ್ಕಾರ ಹಾಕಿದ.

ದೊಡ್ಡಮ್ಮನ ತವರು ಹಡಗಲಿ ತಾಲೂಕಿನ ಹೊಳಲು. ಹುಡುಗಿಯಾಗಿದ್ದಾಗ ಹರಿಗೋಲಿನಲ್ಲಿ ಕೂತು ತುಂಗಭದ್ರೆ ದಾಟಿದವಳು. ಹರಿಗೋಲು ಹತ್ತುವ ಮುಂಚೆ ಹೊಳೆಯ ನೀರನ್ನು ಕಣ್ಣಿಗೆ ಒತ್ತಿಕೊಳ್ಳುವುದು ಆ ಕಡೆಯ ರೂಢಿ. ಪಾಚಿ ಕಟ್ಟಿದ ಕೊನೆಯ ಮೆಟ್ಟಿಲಿನಲ್ಲಿ ಅವಳು ಹಾಗೆಯೇ ಬಗ್ಗಿದಳು. ಲಾಂಚಿನವರು ಚೀರಿದರು. ನಾನು ಅವಳ ಸೊಂಟ ಹಿಡಿದುಕೊಂಡೆ. ಅಷ್ಟರಲ್ಲಿ ಅಲೆ ಬಂದು ಮೆಟ್ಟಿಲಿಗೆ ಬಡಿದು ಅವಳ ಮುಖಕ್ಕೆ ಸಿಡಿಯಿತು. ಅವಳು ಗಾಬರಿಯಾದದ್ದು ಬೀಳುತ್ತಿದ್ದೆನಲ್ಲ ಎಂದಲ್ಲ. ಸೆರಗಿನಿಂದ ತುಟಿ ಒರೆಸಿದಳು, ಉಗಿದಳು, ಮತ್ತೆ ಒರೆಸಿದಳು.

"ಒಳಗ ಹೋತೇನ? ಹೋಗಿಲ್ಲಲ್ಲ?" ಎಂದು ನನ್ನನ್ನು ಕೇಳಿದಳು.

"ಇಲ್ಲ ದೊಡ್ಡಮ್ಮ. ಹೊರಗ ಬಿತ್ತು."

"ಉಪ್ಪು ಹತ್ತಿತು ನಾಲಿಗಿಗೆ."

"ಅದು ತುಟಿ ಮ್ಯಾಲಿಂದು."

ಅವಳ ಹರಕೆ ಎಷ್ಟು ಬಿಗಿಯಾದದ್ದೆಂದು ನನಗೆ ಆಗ ಅರ್ಥವಾಯಿತು.

ಎಂಜಿನ್ನು ಧಡಧಡ ಎಂದು ಶುರುವಾಯಿತು. ಡೀಸೆಲ್ ವಾಸನೆ ನಮ್ಮ ಸುತ್ತ ಬಂದು ಕೂತಿತು. ದೊಡ್ಡಪ್ಪ ಎರಡೂ ಕೈಯಿಂದ ಹಲಗೆ ಹಿಡಿದು ಕೂತ. ಆತ ಹುಟ್ಟಿದ್ದು, ಬೆಳೆದದ್ದು, ವ್ಯಾಪಾರ ಮಾಡಿದ್ದು ಎಲ್ಲ ಒಣನೆಲದಲ್ಲಿ.

"ಹಲಗಿ ಬಿಡ್ರಿ. ನೀವು ಹಿಡಕೊಂಡ್ರ ಲಾಂಚು ನಿಲ್ಲತೈತೇನು?" ಎಂದಳು ದೊಡ್ಡಮ್ಮ.

"ನಿನ್ನ ಹರಿಗೋಲಿನ ಬಡಿವಾರ ಸಾಕು. ಅದು ಹೊಳಿ. ಇದಕ್ಕ ಆಕಡಿ ದಂಡಿ ಎಲ್ಲೈತಿ ತೋರಿಸು ನೋಡೋಣು."

ದೊಡ್ಡಮ್ಮ ನಕ್ಕಳು. ಅವಳು ನಕ್ಕ ಕೊನೆಯ ಸಲ ಅದು, ಆ ದಿನದ ಮಟ್ಟಿಗೆ.

ಗೇಟ್‌ವೇ ಹಿಂದೆ ಸಣ್ಣದಾಯಿತು. ಬೂದು ಬಣ್ಣದ ಯುದ್ಧದ ಹಡಗುಗಳು, ಲಂಗರು ಹಾಕಿ ನಿಂತ ಎಣ್ಣೆಯ ಹಡಗುಗಳು ಒಂದೊಂದೇ ದಾಟಿದವು. ನೀರು ನಾನು ಎಣಿಸಿದ್ದಂತೆ ನೀಲಿ ಇರಲಿಲ್ಲ, ಕೆಂಗಂದು. ಬಿಸಿಲು ಇದ್ದರೂ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಆ ಗಾಳಿಯಲ್ಲಿ ದೊಡ್ಡಮ್ಮನ ಹಣೆಯ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿರುವುದನ್ನು ನೋಡಿದೆ. ಅವಳು ಬೆವರುತ್ತಿದ್ದಳು.

ದೊಡ್ಡಮ್ಮನಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಉಪವಾಸದ ದಿನ ಗುಳಿಗೆ ತೆಗೆದುಕೊಳ್ಳುವುದಿಲ್ಲ ಎಂದೇ ನಾನು ಭಾವಿಸಿದ್ದೆ. ನೀರನ್ನೇ ಮುಟ್ಟದವಳು ಗುಳಿಗೆ ಹೇಗೆ ನುಂಗುತ್ತಾಳೆ?

"ದೊಡ್ಡಮ್ಮ, ಮುಂಜಾನಿ ಸಕ್ಕರಿ ಗುಳಿಗಿ ಬಿಟ್ಟೀಯಲ್ಲ?"

"ಯಾಕ ಬಿಡ್ಲಿ? ಹೊತ್ತು ಹುಟ್ಟೋಕ ಮುಂಚೆ ಎದ್ದು ನುಂಗೀನಿ. ನಮ್ಮ ಬೊಮ್ಮನಹಳ್ಳಿ ಡಾಕ್ಟರು ಒಂದಿನಾನೂ ಬಿಡಬ್ಯಾಡ ಅಂದಾರ. ಉಪವಾಸ ಶುರುವಾಗೋದು ಹೊತ್ತು ಹುಟ್ಟಿದ ಮ್ಯಾಲ. ಅವರ ಮಾತೂ ಉಳೀತು, ಶಿವನ ಮಾತೂ ಉಳೀತು."

ಬಹಳ ಯೋಚನೆ ಮಾಡಿ ಕಂಡುಕೊಂಡ ದಾರಿ ಅದು. ದನಿಯಲ್ಲಿ ಅದರ ಸಮಾಧಾನವಿತ್ತು. ಆ ಗುಳಿಗೆ ಹಿಂದೆಯೇ ಊಟ ಬರುತ್ತದೆಂದು ನಂಬಿ ಕೆಲಸ ಮಾಡುವಂಥದ್ದು. ಊಟ ಬರದಿದ್ದರೂ ನಿಲ್ಲುವುದಿಲ್ಲ, ಮೈಯಲ್ಲಿ ಇದ್ದ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ. ಮೊದಲು ಬೆವರು, ನಡುಕ. ಆಮೇಲೆ ಮಾತು ತಪ್ಪುತ್ತದೆ. ಆಮೇಲಿನದನ್ನು ಯೋಚಿಸಲು ನಾನು ಒಪ್ಪಲಿಲ್ಲ. ಇನ್ನೇನು ಅರ್ಧ ದಾರಿ. ಇಳಿದು ಮೇಲೆ ಹತ್ತಿ ದರ್ಶನ ಮಾಡಿದ ಕೂಡಲೇ ಉಂಡೆ ತಿನ್ನಿಸಿದರಾಯಿತು ಎಂದು ಲೆಕ್ಕ ಹಾಕಿದೆ.

ಎದುರಿನ ಹಲಗೆಯ ಮೇಲೆ ತರಕಾರಿ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಆ ದ್ವೀಪದ ಊರಿನವಳು. ನಮ್ಮ ಚೀಲದಿಂದ ಇಣುಕಿದ್ದ ತೆಂಗಿನಕಾಯಿಯ ಜುಟ್ಟನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದವಳು ಕೊನೆಗೆ ಹಿಂದಿಯಲ್ಲಿ ನನ್ನನ್ನು ಕೇಳಿದಳು, ಯಾರ ಮನೆಗೆ ಹೊರಟಿದ್ದೀರಿ?

ಯಾರ ಮನೆಗೂ ಅಲ್ಲ, ಶಿವನ ಗುಹೆಗೆ ಎಂದೆ.

ಅವಳು ನನ್ನನ್ನು, ದೊಡ್ಡಮ್ಮನನ್ನು ನೋಡಿ ಹಣೆ ಚಚ್ಚಿಕೊಂಡಳು. ಸೋಮವಾರ ಗುಹೆಗೆ ರಜೆ. ಪ್ರತಿ ಸೋಮವಾರವೂ. ಅದು ಪೂಜೆ ನಡೆಯುವ ಗುಡಿಯಲ್ಲ, ಸರ್ಕಾರ ಕಾಯುವ ಜಾಗ. ಅದಕ್ಕೇ ಇವತ್ತು ನೋಡುವವರ ದೋಣಿ ಒಂದೂ ಇಲ್ಲ. ಇದು ಊರಿನವರು ಸಂತೆ ಮಾಡಿಕೊಂಡು ಬರುವ ಲಾಂಚು.

ದೊಡ್ಡಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. "ಏನಂತಾಳಕಿ?" ಎಂದಳು.

"ಎಷ್ಟು ಮಂದಿ ಅದೀರಿ ಅಂತ ಕೇಳಿದ್ಲು" ಎಂದೆ. ಇಷ್ಟು ಸಲೀಸಾಗಿ ಬೇರೆ ಮಾತು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ದೊಡ್ಡಪ್ಪ ಎಲ್ಲ ಕೇಳಿಸಿಕೊಂಡಿದ್ದ. ಹಲಗೆ ಬಿಟ್ಟು ಜರುಗಿ ನನ್ನ ಪಕ್ಕಕ್ಕೆ ಬಂದ. ನಾನು ಮೆಲ್ಲಗೆ ಗುಳಿಗೆಯ ವಿಷಯ ಹೇಳಿದೆ. ಈಗ ಸಿಹಿ ತಿನ್ನದಿದ್ದರೆ ಏನಾಗಬಹುದೆಂದೂ ಹೇಳಿದೆ. ಲಾಂಚು ತಿರುಗಿಸಲಾಗುತ್ತದೆಯೇ ಎಂದು ಆತ ಚುಕ್ಕಾಣಿಯವನನ್ನು ಕೇಳಿದ. ಅವನು ಎರಡೂ ದಡಗಳತ್ತ ಗದ್ದ ಎತ್ತಿ ತೋರಿಸಿದ. ಎರಡೂ ಅಷ್ಟೇ ದೂರ.

"ಯವ್ವಾ, ಬಂದ್ ಐತಿ ಅಂತ ಅಕಿಗೆ ಹೇಳಬ್ಯಾಡ" ಎಂದ ದೊಡ್ಡಪ್ಪ. "ಹೇಳಿದ್ರ ನಾಳೆ ಬಾಗಿಲು ತೆಗಿಯೋತನಕ ಹಂಗ ಕೂಡ್ತಾಳ. ಗೊತ್ತೈತಿ ನನಗ."

ಅಷ್ಟರಲ್ಲಿ ದೊಡ್ಡ ಹಡಗೊಂದು ಎಬ್ಬಿಸಿದ ಅಲೆ ನಮ್ಮನ್ನು ಮುಟ್ಟಿತು. ಲಾಂಚು ಒಂದು ಮಗ್ಗುಲಿಗೆ ವಾಲಿ ಎದ್ದಿತು. ಸಿಲಿಂಡರುಗಳು ಒಂದಕ್ಕೊಂದು ಬಡಿದವು. ಹರಿಗೋಲಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ತೂಕ ಹಿಡಿಯಲು ಕಲಿತವಳು ಕೂತಲ್ಲೇ ತೂಗಿ ನನ್ನ ತೊಡೆಯ ಮೇಲೆ ಬಿದ್ದಳು. ಎತ್ತಿ ಕೂಡಿಸಿದೆ. ಕುಪ್ಪಸ ಬೆನ್ನಿಗೆ ಅಂಟಿತ್ತು. ಬೆರಳುಗಳು ಸಣ್ಣಗೆ, ಬಿಡದೆ ನಡುಗುತ್ತಿದ್ದವು.

"ದೊಡ್ಡಮ್ಮ, ಸ್ವಲ್ಪ ಬೆಲ್ಲ ಬಾಯಾಗ ಹಾಕ್ಕೊ. ಔಷಧ ಅಂದುಕೊ."

"ಮುಖ ನೋಡಿದ ಮ್ಯಾಲ."

"ನಿನಗ ಚಕ್ಕರ ಬರ್ತಾವ."

"ಬರ್ಲಿ. ಕೂಸಿನ ಮ್ಯಾಲ ಹೇಳಿಕೊಂಡೀನಿ ನಾನು. ನನ್ನ ಮ್ಯಾಲ ಅಲ್ಲ." ನಾಲಿಗೆ ದಪ್ಪವಾದವರಂತೆ ಮಾತು ನಿಧಾನವಾಗಿತ್ತು.

ಎದುರಿನ ಹೆಂಗಸು ಬುಟ್ಟಿಯಿಂದ ಬಾಳೆಹಣ್ಣು ತೆಗೆದು ಚಾಚಿದಳು. ಅವಳಿಗೂ ಅಂದು ಉಪವಾಸವಂತೆ. ಹಣ್ಣು ನಡೆಯುತ್ತದೆ, ಶೇಂಗಾ ನಡೆಯುತ್ತದೆ, ಸಾಬೂದಾಣಿ ನಡೆಯುತ್ತದೆ, ಚಹಾ ಅಂತೂ ನಡೆದೇ ನಡೆಯುತ್ತದೆ, ಇದೆಂಥ ಉಪವಾಸ ನಿಮ್ಮದು ಎಂದು ಬೈದಳು. ದೊಡ್ಡಮ್ಮ ಹಣ್ಣನ್ನು ನೋಡಿ ಮುಖ ತಿರುಗಿಸಿದಳು. ಆಮೇಲೆ ನನ್ನನ್ನೇ ದಿಟ್ಟಿಸಿ, ಮಗಳನ್ನು ಮಾತಾಡಿಸುವ ದನಿಯಲ್ಲಿ, "ನೋವು ಬಂದ್ವೇನು? ಬಿಸಿನೀರು ಇಟ್ಟೀನಿ, ತಡಿ" ಎಂದಳು.

ಅವಳು ಲಾಂಚಿನಲ್ಲಿರಲಿಲ್ಲ. ಆಸ್ಪತ್ರೆಯಲ್ಲಿದ್ದಳು.

ನಾನು ಡಬ್ಬಿ ತೆರೆದು ಉಂಡೆ ಮುರಿದೆ. ಇನ್ನು ಕೇಳುವುದೇನಿಲ್ಲ, ಬಾಯಿ ತೆರೆಸಿ ತುರುಕುವುದೇ ಎಂದು ಕೈ ಎತ್ತಿದೆ. ಮಣಿಕಟ್ಟನ್ನು ಯಾರೋ ಹಿಡಿದರು. ದೊಡ್ಡಪ್ಪ.

"ತಡಿ."

"ದೊಡ್ಡಪ್ಪ, ಬಿಡ್ರಿ. ಟೈಮಿಲ್ಲ."

"ತಡಿ ಯವ್ವಾ. ಕೂಸಿನ ಮ್ಯಾಲಿನ ಹರಕಿ ಅದು."

ಇಷ್ಟು ವರ್ಷ ಅವಳ ದೇವರುಗಳನ್ನು ಆಡಿಕೊಂಡ ಮನುಷ್ಯ. ಆತನ ತುಟಿಗಳು ಬಣ್ಣ ಕಳೆದುಕೊಂಡಿದ್ದವು. ಒಂದು ಕೈ ನನ್ನ ಮಣಿಕಟ್ಟಿನ ಮೇಲೆ, ಇನ್ನೊಂದು ಹೆಂಡತಿಯ ಭುಜದ ಮೇಲೆ. ಎರಡರಲ್ಲಿ ಯಾವುದನ್ನೂ ಬಿಡಲಾಗದೆ ಕೂತಿದ್ದ. ಹೆಂಡತಿ ಸಾಯುತ್ತಾಳೆಂಬ ಹೆದರಿಕೆ ಮತ್ತು ಮೊಮ್ಮಗಳಿಗೆ ಏನಾದರೂ ಆದೀತೆಂಬ ಹೆದರಿಕೆ ಆತನ ಮುಖದಲ್ಲಿ ಒಟ್ಟಿಗೇ ಇದ್ದವು. ನನಗೆ ಸಿಟ್ಟು ಬಂತು. ಆದರೆ ಕೈ ಕಿತ್ತುಕೊಳ್ಳಲಿಲ್ಲ.

"ಯಾರರ ಎತ್ತಿಕೊಂಡ್ರ ಆಗ್ತಿತ್ತು" ಎಂದ ಆತ. "ನಾ ಉಪ್ಪಿಟ್ಟು ತಿಂದು ಸತ್ತೀನಲ್ಲ ಮುಂಜಾನಿ."

ನಮ್ಮ ಮನೆಗಳಲ್ಲಿ ಒಂದು ನಡೆ ಇದೆ. ಒಬ್ಬರು ಹಿಡಿದ ಉಪವಾಸ ಪೂರೈಸಲು ಆಗದೆ ಹೋದರೆ ಅದೇ ಮನೆಯ ಇನ್ನೊಬ್ಬರು ಅದನ್ನು ನಡುವೆ ಎತ್ತಿಕೊಳ್ಳಬಹುದು. ಆದರೆ ಅವರು ಅಂದು ಬೆಳಗಿನಿಂದ ಏನೂ ಮುಟ್ಟಿರಬಾರದು. ದೊಡ್ಡಮ್ಮ ಮಗಳನ್ನು ಹೆರುವ ದಿನ ಅವಳು ಹಿಡಿದಿದ್ದ ಉಪವಾಸವನ್ನು ಅವಳ ಅತ್ತೆ ಹಾಗೆ ಎತ್ತಿಕೊಂಡಿದ್ದರಂತೆ.

"ನಾನು ಎತ್ತಿಕೊಳ್ತೀನಿ" ಎಂದೆ.

"ನೀ ಚಹಾ ಕುಡದೀ."

"ಇಲ್ಲ."

"ನೀರು?"

"ನೀರೂ ಇಲ್ಲ."

"ಯಾಕ? ನಿನಗೇನು ಹರಕಿ ಇತ್ತು?"

ಆತ ನಂಬಬೇಕಾದರೆ ಕಾರಣ ಹೇಳಬೇಕಿತ್ತು. ನಾನು ಯಾರಿಗೂ ಹೇಳಿದ ಮಾತಲ್ಲ ಅದು; ಗಂಡಸರಿಗಂತೂ ಹೇಳುವ ಮಾತೇ ಅಲ್ಲ. ಹರಪನಹಳ್ಳಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳಿಂದ, ಹೊರಗೆ ಹೋಗುವ ದಿನ ನಾನು ಬೆಳಿಗ್ಗೆಯಿಂದ ಏನೂ ಕುಡಿಯುತ್ತಿರಲಿಲ್ಲ. ನಮ್ಮೊಂದಿಗೆ ಓದಿದ ಎಲ್ಲ ಹುಡುಗಿಯರೂ ಹಾಗೆಯೇ. ಅಲ್ಲಿ ಹೆಣ್ಣುಮಕ್ಕಳಿಗೆ ಒಂದಕ್ಕೆ ಹೋಗಲಿಕ್ಕೆ ಜಾಗವಿರಲಿಲ್ಲ. ತಿಂದರೆ ಬಾಯಾರುತ್ತದೆ ಎಂದು ತಿನ್ನುತ್ತಲೂ ಇರಲಿಲ್ಲ.

"ಹೊರಗ ಹೋಗೋ ದಿನ ನಾನು ನೀರು ಕುಡಿಯಂಗಿಲ್ಲರಿ" ಎಂದೆ. "ಹೆಣ್ಣುಮಕ್ಕಳು ಎಲ್ಲಿ ಹೋಗಬೇಕು?"

ಆತನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ನನ್ನ ಮಣಿಕಟ್ಟು ಬಿಟ್ಟು ನೀರಿನತ್ತ ನೋಡಿದ.

ಇನ್ನು ದೊಡ್ಡಮ್ಮ ಒಪ್ಪಬೇಕಿತ್ತು. ಅವಳ ಕೆನ್ನೆ ತಟ್ಟಿದೆ. ದ್ವೀಪದ ಹೆಂಗಸು ಹಿಂದಿನಿಂದ ಬಂದು ಅವಳ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡಳು. "ದೊಡ್ಡಮ್ಮ, ನಿನ್ನ ಉಪವಾಸ ನನಗ ಕೊಡು. ನಾನು ಏನೂ ಮುಟ್ಟಿಲ್ಲ. ಕೇಳಸ್ತೇನು? ಕೂಸಿನ ಉಪವಾಸ ನನಗ ಕೊಡು."

ಕೂಸು ಎಂಬ ಮಾತು ಅವಳನ್ನು ಎಲ್ಲಿಂದಲೋ ಎಳೆದು ತಂದಿತು. ಕಣ್ಣುಗಳು ನನ್ನ ಮೇಲೆ ನಿಂತವು.

"ನೀನು ನಂಬಂಗಿಲ್ಲ" ಎಂದಳು ನಿಧಾನವಾಗಿ. "ದೀಪ ಹಚ್ಚು ಅಂದ್ರ ಪುಸ್ತಕ ಹಿಡಕೊಂಡು ಕೂಡ್ತಿ."

"ಹಸದಿರಾಕ ಬರ್ತತಿ ನನಗ."

"ಮುಖ ನೋಡೋತನಕ?"

"ಮುಖ ನೋಡೋತನಕ."

"ಹನಿ ನೀರು?"

"ಹನಿ ನೀರೂ ಇಲ್ಲ."

ಅವಳು ಚೀಲಕ್ಕೆ ತಡಕಾಡಿದಳು. ಕೈ ಸಾಗಲಿಲ್ಲ. ದೊಡ್ಡಪ್ಪ ವಿಭೂತಿಯ ಗಟ್ಟಿ ತೆಗೆದು ಅವಳ ಬೆರಳಿಗೆ ಹಿಡಿಸಿ, ಆ ಕೈಯನ್ನು ತಾನೇ ಎತ್ತಿ ನನ್ನ ಹಣೆಗೆ ತಂದ. ಲಾಂಚಿನ ಕುಲುಕಾಟಕ್ಕೆ ಅದು ಹಣೆಯ ಮೇಲೆ ಅಡ್ಡಾದಿಡ್ಡಿ ಎಳೆಯಿತು. ಆಮೇಲೆ ತೆಂಗಿನಕಾಯಿಯನ್ನು ನನ್ನ ದುಪಟ್ಟಾದೊಳಗೆ ಇಟ್ಟ. ನಾನು ಕೂಡಲೇ ಉಂಡೆಯ ಚೂರನ್ನು ಅವಳ ಬಾಯಿಗೆ ಹಾಕಿದೆ. ದವಡೆ ಆಡಲಿಲ್ಲ. ಇನ್ನೊಂದು ಚೂರನ್ನು ಪುಡಿ ಮಾಡಿ ಒಸಡಿಗೆ ತಿಕ್ಕಿದೆ. ಬೆಲ್ಲ ಕರಗಬೇಕು, ಕರಗಬೇಕು ಎಂದು ಅವಳ ಗಂಟಲನ್ನೇ ನೋಡುತ್ತಾ ಕೂತೆ. ಬಹಳ ಹೊತ್ತಾಯಿತು ಅನ್ನಿಸಿದ ಮೇಲೆ ಗಂಟಲು ಒಮ್ಮೆ ಏರಿ ಇಳಿಯಿತು. ದೊಡ್ಡಪ್ಪ ನೀರಿನ ಬಾಟಲಿ ಹಿಡಿದ. ಅವಳು ಕುಡಿದಳು. ಬಾಳೆಹಣ್ಣು, ಇನ್ನೊಂದು ಉಂಡೆ, ಮತ್ತೆ ನೀರು.

ದ್ವೀಪದ ಹಸಿರು ಗುಡ್ಡ ಹತ್ತಿರವಾಗುವ ಹೊತ್ತಿಗೆ ಅವಳ ಬೆವರು ನಿಂತಿತು. ಲಾಂಚು ಕಟ್ಟೆಗೆ ತಾಗಿ ನಿಂತಾಗ ಅವಳು ಸೆರಗು ಸರಿಮಾಡಿಕೊಂಡು, "ನಡಿ, ಲಗೂ ಹತ್ತೋಣು. ಹುಡುಗಿ ಹಸದೈತಿ" ಎಂದು ದೊಡ್ಡಪ್ಪನಿಗೆ ಹೇಳಿದಳು.

ಆಗ ಹೇಳಿದೆ. ಇವತ್ತು ಬಾಗಿಲು ತೆಗೆಯುವುದಿಲ್ಲ, ನಾಳೆ.

ಅವಳು ಗುಡ್ಡವನ್ನು ನೋಡಿದಳು. ಆಮೇಲೆ ಗಂಡನನ್ನು. "ಆ ಚೀಟಿಯಾಂವ ಖರೇನ ಹೇಳಿದ್ನಲ್ರಿ."

"ಹೂಂ" ಎಂದ ದೊಡ್ಡಪ್ಪ.

"ಮಂಗ್ಯಾ ಅಂದ್ರಿ ಅವಗ."

ಅವಳು ನನ್ನತ್ತ ತಿರುಗಿ, "ನಿನಗ ಗೊತ್ತಿತ್ತು, ಎತ್ತಿಕೊಳ್ಳುವಾಗ?" ಎಂದಳು. ಗೊತ್ತಿತ್ತು ಎಂದೆ.

ಮೇಲೆ ಹತ್ತುವುದರಲ್ಲಿ ಅರ್ಥವಿರಲಿಲ್ಲ. ಅದೇ ಲಾಂಚು ಮತ್ತೆ ಮುಂಬೈಗೆ ಹೊರಡುವತನಕ ಕಟ್ಟೆಯ ಮೇಲಿನ ನೆರಳಿನಲ್ಲಿ ಕೂತೆವು. ಬರುವಾಗ ನಾನು ಅವಳ ಬೆರಳುಗಳನ್ನು ನೋಡುತ್ತಿದ್ದೆ. ಹೋಗುವಾಗ ಅವಳು ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಬಿಸಿಲು ನೆತ್ತಿಗೇರಿತ್ತು. ಸುತ್ತಲೂ ನೀರು. ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವಾಗ ಸಣ್ಣ ಸದ್ದಾಗುತ್ತಿತ್ತು. ನಿತ್ಯ ಹೀಗೆಯೇ ಇರುತ್ತೇನಲ್ಲ ಎಂದುಕೊಂಡೆ. ಆದರೆ ನಿತ್ಯ ಸಂಜೆಗೆ ಮನೆ ಮುಟ್ಟಿದ ಕೂಡಲೇ ಚೊಂಬು ಎತ್ತುತ್ತಿದ್ದೆ. ಇದಕ್ಕೆ ಸಂಜೆ ಇರಲಿಲ್ಲ.

ಮನೆಯಲ್ಲಿ ಅಕ್ಕ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಸಿಟ್ಟಾದಳು. "ಅವ್ವಗಂತೂ ತಿಳಿಯಂಗಿಲ್ಲ. ಎಂ.ಎಸ್ಸಿ ಓದಿದಾಕಿ, ನಿನಗೂ ಬುದ್ಧಿ ಇಲ್ಲೇನು? ಕುಡಿ ನೀರು."

ನಾನು ತಲೆ ಅಲ್ಲಾಡಿಸಿದೆ. ಭಾವ ತನ್ನದೇ ತಪ್ಪು ಎಂಬಂತೆ ಮೂಲೆಯಲ್ಲಿ ನಿಂತಿದ್ದ. ಸಂಜೆ ಮುಖ ತೊಳೆಯಲು ಬಚ್ಚಲಿಗೆ ಹೋದರೆ ದೊಡ್ಡಮ್ಮ ಬಾಗಿಲ ಹೊರಗೆ ಬಂದು ನಿಂತಳು. "ಮುಕ್ಕಳಿಸಿ ಉಗುಳು. ಒಳಗ ಹೋಗಬಾರದು" ಎಂದಳು. ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಬೇಡಿಕೆಯಿತ್ತು. ರೊಟ್ಟಿ ಅವಳಿಗೆ ಇಳಿದಿರಲಿಲ್ಲವೆಂದು ತಟ್ಟೆ ನೋಡಿದರೆ ಗೊತ್ತಾಗುತ್ತಿತ್ತು.

ಹೆಂಗಸರೆಲ್ಲ ಒಳಗಿದ್ದಾಗ ದೊಡ್ಡಪ್ಪ ಒಂದು ಲೋಟ ತಂದು ನನ್ನ ಪಕ್ಕದ ಕಿಟಕಿಯ ಮೇಲಿಟ್ಟ. ನಿಂಬೆಹಣ್ಣಿನ ಪಾನಕ. ವಾಸನೆಗೇ ಬಾಯಲ್ಲಿ ನೀರು ಬರಬೇಕಿತ್ತು, ಬರಲಿಲ್ಲ.

"ಅಕಿ ಉಂಡಾತು, ಉಳದಾತು. ಇನ್ನು ಯಾರು ನೋಡ್ತಾರ ಯವ್ವಾ? ಕುಡದುಬಿಡು. ನಾ ಹೇಳಂಗಿಲ್ಲ."

"ಮುಂಜಾನಿ ನೀವ ನನ್ನ ಕೈ ಹಿಡದಿದ್ರಿ" ಎಂದೆ.

"ಮುಂಜಾನ್ಯಾಗ ಕೂಸು ಒಂದ ಇತ್ತು ಕಣ್ಣ ಮುಂದ. ಈಗ ನೀನೂ ಅದೀ."

ಆತ ಅಂಥ ಮಾತು ಆಡುವವನಲ್ಲ. ಲೋಟವನ್ನು ಮುಟ್ಟಲಿಲ್ಲ. ಯಾಕೆ ಎಂದು ಆಗಲೂ ನನ್ನನ್ನು ಕೇಳಿಕೊಂಡೆ. ಹನಿ ನೀರಿಗೂ ಒಂದು ಕೂಸಿನ ಆಯುಷ್ಯಕ್ಕೂ ಸಂಬಂಧವಿದೆ ಎಂದು ನಾನು ನಂಬಿರಲಿಲ್ಲ, ಇಂದಿಗೂ ನಂಬುವುದಿಲ್ಲ. ಆದರೆ ದೊಡ್ಡಮ್ಮ ಆ ಉಂಡೆಯನ್ನು ನುಂಗಿದ್ದು ನನ್ನ ಮಾತಿನ ಮೇಲೆ. ನಾನು ಕುಡಿದರೆ ಅವಳು ನುಂಗಿದ್ದು ಏನಾಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮಂಗಳವಾರ ಮೊದಲ ದೋಣಿಯಲ್ಲಿ ಹೊರಟೆವು. ಇದು ನೋಡುವವರ ದೋಣಿ, ಬಣ್ಣದ ಕುರ್ಚಿಗಳು, ಮೇಲೆ ಚಪ್ಪರ. ದೊಡ್ಡಮ್ಮ ಬೆಳಿಗ್ಗೆ ಉಂಡು ಗುಳಿಗೆ ನುಂಗಿದ್ದಳು. ನನಗೆ ತಲೆ ಸಿಡಿಯುತ್ತಿತ್ತು, ನೀರಿನ ಮೇಲಿನ ಬಿಸಿಲನ್ನು ನೋಡಲಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದೆ. ಆ ದಾಟುವಿಕೆಯ ಬಗ್ಗೆ ನನಗೆ ನೆನಪಿರುವುದು ದೊಡ್ಡಮ್ಮನ ಅಂಗೈ. ಅದು ನನ್ನ ಮೊಣಕಾಲಿನ ಮೇಲೆ ಒತ್ತಿಕೊಂಡೇ ಇತ್ತು.

ಮೆಟ್ಟಿಲುಗಳನ್ನು ಕೂತು ಕೂತು ಹತ್ತಿದೆ. ಗುಹೆಯ ಎದುರು ದೊಡ್ಡಮ್ಮ ನಿಂತುಬಿಟ್ಟಳು.

"ನೀನೂ ಬಾ" ಎಂದೆ. ದನಿ ಸರಿಯಾಗಿ ಹೊರಡಲಿಲ್ಲ.

"ಉಪವಾಸ ಯಾರ ಕೈಯಾಗ ಐತಿ, ಅವರ ಮೊದಲು ನೋಡಬೇಕು. ನಾ ಆಮ್ಯಾಲ ಬರ್ತೀನಿ."

ಒಳಗೆ ತಂಪು, ಕತ್ತಲು. ದಪ್ಪ ಕಂಬಗಳ ನಡುವೆ ನಡೆದು ಹೋದೆ. ಒಂದು ಕಡೆ ನಾಲ್ಕು ಬಾಗಿಲಿನ ಚೌಕ ಗುಡಿ, ಒಳಗೆ ಲಿಂಗ, ಹೂವಿಲ್ಲ, ದೀಪವಿಲ್ಲ. ಇನ್ನೂ ಮುಂದೆ, ಕೊನೆಯ ಗೋಡೆಯಲ್ಲಿ, ಆ ಮುಖ. ಮೂರು ಮುಖ. ನಡುವಿನದು ಕಣ್ಣು ಮುಚ್ಚಿತ್ತು. ದೊಡ್ಡಮ್ಮ ಕೇಳಿದ್ದು ಮುಖವನ್ನು, ಆದ್ದರಿಂದ ಅದರ ಮುಂದೆ ನಿಂತೆ. ಏನಾದರೂ ಹೇಳಬೇಕಿತ್ತು, ಯಾರ ಪರವಾಗಿ ಬಂದಿದ್ದೇನೆ ಎಂದಾದರೂ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ನನಗೆ ಇದೆಲ್ಲ ಬರುವುದೂ ಇಲ್ಲ. ಪಕ್ಕದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, "ನಮ್ಮ ಅಕ್ಕನ ಮಗಳದು" ಎಂದೆ.

ಹೊರಗೆ ಬಂದಾಗ ಬೆಳಕಿಗೆ ಏನೂ ಕಾಣಲಿಲ್ಲ. ಬಾಟಲಿಯ ಮುಚ್ಚಳ ತೆಗೆಯುವ ಸದ್ದು ಕೇಳಿತು. ದೊಡ್ಡಮ್ಮ ಒಂದು ಕೈಯಿಂದ ನನ್ನ ಗದ್ದ ಹಿಡಿದು, ಕೂಸಿಗೆ ಕುಡಿಸುವಂತೆ, ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಕುತ್ತಿಗೆಗೆ ಚೆಲ್ಲಿತು. ನಾನು ಬಾಟಲಿ ಕಸಿದುಕೊಳ್ಳಲು ನೋಡಿದೆ.

"ಸಾವಕಾಶ. ಒಮ್ಮಿಗೇ ಕುಡೀಬಾರದು" ಎಂದಳು. ಅವಳು ಬಾಟಲಿ ಬಿಡಲಿಲ್ಲ.

ಅದು ಖಾಲಿಯಾದ ಮೇಲೆ ಅವಳು ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.